ಪೂಜೆಗೆ ಕೂತ ಚಾರ್ಜರ್

ನಮ್ಮ ಯಜಮಾನ್ರು ಸುಳ್ಳು ಹೇಳೋರಲ್ಲ. ಅದಕ್ಕೇ ಅವರು ಹೇಳಿದ ಆ ಒಂದು ಸುಳ್ಳು ನನಗೆ ತಕ್ಷಣ ವಾಸನೆ ಹೊಡೀತು.

ಎಂಬತ್ತರ ದಶಕ. ಜಯನಗರದ ನಮ್ಮ ಮನೆ ಶೆಡ್ಡಲ್ಲಿ ವರ್ಷವೆಲ್ಲಾ ಕೂತು, ಹಳೇ ವ್ಯಾನಿನ ಮೈಗೆ ಬ್ಯಾಟರಿ, ಮೋಟಾರು ಜೋಡಿಸಿ, ನೆತ್ತಿ ಮೇಲೆ ಸೋಲಾರ್ ಹಲಗೆ ಕೂರಿಸಿ ಒಂದು ಕಾರು ಮಾಡಿದ್ರು. ‘ಬಿಸಿಲಲ್ಲೇ ಓಡತ್ತೆ ಕಣೇ. ದಿನಾ ಆಫೀಸಿಗೆ ಹೋಗಿಬರ್ತಿದೀನಿ, ನೋಡ್ತಿಲ್ವಾ?’

ನೋಡ್ತಿದ್ದೆ. ವಾರವೆಲ್ಲಾ ಮೋಡ ಕವಿದಿದ್ರೂ ಓಡ್ತಿತ್ತಲ್ಲ, ಅದನ್ನೂ ನೋಡ್ತಿದ್ದೆ! ಮೋಡ ಸರಿದು ಬಿಸಿಲು ಬಂದ ಮೇಲೂ ಒಂದು ಬೆಳಿಗ್ಗೆ ರಂಗೋಲಿ ಹಾಕೋಕೆ ಹೋದವಳು ಶೆಡ್ಡಲ್ಲಿದ್ದ ಚಾರ್ಜರ್ ಪೆಟ್ಟಿಗೆ ಮುಟ್ಟಿದೆ. ಈಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆ ಥರ ಬಿಸಿ. ಕೇಳಿದ್ರೆ, ‘ಅದು ಮಳೆಗಾಲಕ್ಕೆ ಮಾತ್ರ’ ಅಂದ್ರು. ಕಳ್ಳ!

ಕಾರು ಯಾವುದರಲ್ಲಾದ್ರೂ ಓಡ್ಲಿ, ನನಗೇನು? ಆದ್ರೆ ಅದನ್ನ ನಂಬಿ ನಮ್ಮ ಸ್ಕೂಟರ್ ಮಾರೋಕೆ ಹೊರಟಿದ್ರು. ದಸರಾ ಮುಗಿದ ಮೇಲೆ ಗಿರಾಕಿ ಬರೋನಿದ್ದ. ತಲಘಟ್ಟಪುರದಲ್ಲಿ, ನನ್ನ ತಮ್ಮನ ಮನೇಲಿ ಅಮ್ಮ ಇದ್ಲು. ಕಣ್ಣು ಕಾಣ್ತಿರಲಿಲ್ಲ. ಭಾನುವಾರ ಆ ಸ್ಕೂಟರಿನ ಸದ್ದು ಬೀದಿ ತಿರುವಿಗೆ ಬಂದ್ರೆ ಸಾಕು, ಎಲೆ ಹಾಕಿಸೋಳು. ನಾನು ಬರದೆ ತುತ್ತು ಎತ್ತೋಳಲ್ಲ. ಆ ಕಡೆ ಬಸ್ಸೋ, ಬಂದ್ರೆ ಬಂತು, ಇಲ್ದಿದ್ರೆ ಇಲ್ಲ. ಕರೆಂಟು ಕೈಕೊಟ್ಟ ದಿನ ಆ ಕಾರು ಕದಲಲ್ಲ; ಸ್ಕೂಟರೂ ಹೋದ್ರೆ ನನ್ನ ಭಾನುವಾರ ಹೋದ ಹಾಗೇ.

ಆಯುಧಪೂಜೆ ಬಂತು. ದೇವರ ಮುಂದೆ ಇಟ್ಟಿದ್ದನ್ನ ಮಾರನೇ ಸಂಜೆ ಆರತಿ ಎತ್ತಿ ಕದಲಿಸೋವರೆಗೂ ಯಾರೂ ಮುಟ್ಟಬಾರದು, ಅದು ನಮ್ಮನೆ ಪದ್ಧತಿ. ಅವರು ಕಾರಲ್ಲಿ ಆಫೀಸಿನ ಪೂಜೆ ಮುಗಿಸಿ ಬರೋಷ್ಟರಲ್ಲಿ ಸ್ಪ್ಯಾನರು, ಕತ್ತರಿ, ಈಳಿಗೆಮಣೆ ಜೊತೆ ಚಾರ್ಜರನ್ನೂ ಹೊತ್ತು ತಂದಿಟ್ಟೆ. ಕುಂಕುಮ ಹಚ್ಚಿ ಸೇವಂತಿಗೆ ಮುಡಿಸಿದೆ.

ಅವರ ಮುಖ ಹುಳ್ಳಗಾಯ್ತು. ‘ಇದನ್ನ ಯಾಕೆ ಇಟ್ಟೆ?’

‘ಯಾಕ್ರೀ, ಬೇಕಿತ್ತಾ?’

‘ಛೆ ಛೆ, ಬೇಡ.’

ಊಟ ಆದ್ಮೇಲೆ ದೇವರ ಮನೆ ಮುಂದೆ ಸುಮ್ಮಸುಮ್ಮನೆ ಸುಳಿದಾಡಿದ್ರು. ದೇವರ ಮುಂದಿಂದ ಎತ್ತೋ ಧೈರ್ಯ ಇಲ್ಲ, ನನ್ನ ಮುಂದೆ ಬಾಯಿ ಬಿಡೋ ಧೈರ್ಯವೂ ಇಲ್ಲ.

ವಿಜಯದಶಮಿ ದಿನ ಅಮ್ಮನ ಹತ್ರ ಊಟ. ಬಿಸಿಲು ಸಖತ್ತಾಗಿತ್ತು. ‘ಕಾರಲ್ಲೇ ಹೋಗೋಣ’ ಅಂದೆ. ಅವರು ಬೆಳಗಿಂದ ಕಾರನ್ನ ಬಿಸಿಲಿಗೆ ನಿಲ್ಲಿಸಿ, ಹಲಗೆ ಒರೆಸಿದ್ದೇ ಒರೆಸಿದ್ದು. ಹೊರಟ್ವಿ. ವಸಂತಪುರದ ಹತ್ತಿರ ಏರಿನಲ್ಲಿ ಕಾರು ತೆವಳಿತು, ಒಂದು ಎಮ್ಮೆ ನಮ್ಮನ್ನ ದಾಟಿ ಹೋಯ್ತು. ಆಮೇಲೆ ಕಾರು ನಿಂತೇ ಹೋಯ್ತು.

‘ಆ ಚಾರ್ಜರ್ ಪೂಜೆಗೆ ಇಡಬಾರದಿತ್ತು ಕಣೇ.’

‘ಯಾಕೆ? ಬಿಸಿಲಿದೆಯಲ್ಲ!’

‘ಬಿಸಿಲಿಂದ ಬರೋದು ಚೂರೇ ಚೂರು. ಮಿಕ್ಕಿದ್ದೆಲ್ಲಾ ಮನೆ ಕರೆಂಟು.’ ತಲೆ ತಗ್ಗಿಸಿಬಿಟ್ರು. ಗೆದ್ದೆ ಅಂತ ಖುಷಿಪಡೋಕೆ ಆಗಲಿಲ್ಲ. ಅಲ್ಲಿ ಅಮ್ಮ ಹಸಿದು ಕೂತಿರ್ತಾಳೆ ಅನ್ನೋದೊಂದೇ ತಲೇಲಿ.

ನನ್ನನ್ನ ಕಾರಿನ ಹತ್ತಿರ ಬಿಟ್ಟು, ಒಂದು ಲಾರಿ ಹತ್ತಿ ಮನೆಗೆ ಹೋಗಿ ಸ್ಕೂಟರ್ ತಂದ್ರು. ತಲಘಟ್ಟಪುರ ಮುಟ್ಟುವಾಗ ಹೊತ್ತು ಇಳಿದಿತ್ತು. ಅಮ್ಮ ಜಗಲಿ ಮೇಲೇ ಇದ್ಲು. ಒಳಗೆ ಎಲೆ ಆಗಲೇ ಹಾಕಿತ್ತು.

ಊಟಕ್ಕೆ ಕೂತಾಗ ಅಮ್ಮ ಅಳಿಯನ ಕಡೆ ಮುಖ ತಿರುಗಿಸಿದ್ಲು. ‘ನಿಮ್ಮ ಗಾಡಿ ಸದ್ದು ಕೇಳಿದ ಮೇಲೇ ನೋಡಿ, ನಂಗೆ ಹಸಿವಾಗೋದು.’

ಯಜಮಾನ್ರು ನನ್ನ ಕಡೆ ತಿರುಗಿದ್ರು. ಅನ್ನ ಕಲಸ್ತಾ ಕಲಸ್ತಾ, ‘ಆ ಗಿರಾಕಿ ಬಂದ್ರೆ ಸ್ಕೂಟರ್ ಕೊಡಲ್ಲ ಅಂತ ನೀನೇ ಹೇಳಿಬಿಡು’ ಅಂದ್ರು.