ಹಲ್ಲುಪುಡಿ ಗೋಡೆಯ ಕೋದಂಡಪ್ಪನವರು

ಕೋದಂಡಪ್ಪನವರು ಮನೆ ಕೊಂಡದ್ದು ಗೋಡೆ ನೋಡಿ. ಅದೂ ಹೊರಗಿನ ಗೋಡೆ.

ಕೆ.ಜಿ.ಎಫ್.ನ ಕಾರ್ಖಾನೆಯಲ್ಲಿ ಸ್ಟೋರ್ಸ್ ವಿಭಾಗದಲ್ಲಿದ್ದು ರಿಟೈರಾದವರು ಅವರು. ಬಂಗಾರಪೇಟೆ ಪಕ್ಕದ ಹಳ್ಳಿಯಿಂದ ದಿನವೂ ಕಾರ್ಖಾನೆ ಬಸ್ಸಿನಲ್ಲಿ ಓಡಾಡಿದವರು. ಬಸ್ಸು ಪೇಟೆ ದಾಟಿ ಕೆ.ಜಿ.ಎಫ್. ರಸ್ತೆಗೆ ತಿರುಗುವಲ್ಲಿ ಒಂದು ಹಳೇ ಹೆಂಚಿನ ಮನೆ, ಅದರ ಪಕ್ಕದ ಗೋಡೆಯ ತುಂಬ ‘ಚಂದ್ರಹಾಸ ಹಲ್ಲುಪುಡಿ’ಯ ಜಾಹೀರಾತು. ಅದನ್ನು ನೋಡಬೇಕೆಂದೇ ಅವರು ಹೋಗುವಾಗ ಎಡಗಡೆ ಕಿಟಕಿ, ಬರುವಾಗ ಬಲಗಡೆ ಕಿಟಕಿ ಹಿಡಿಯುತ್ತಿದ್ದರು. ಆ ಜಾಗದಲ್ಲಿ ಬೇರೆ ಯಾರಾದರೂ ಕೂತಿದ್ದರೆ ಆ ದಿನ ಮಾತು ಕಡಿಮೆ.

ಕೆಮ್ಮಣ್ಣಿನ ಬಣ್ಣದ ಮೇಲೆ ಹಳದಿ ಅಕ್ಷರ, ಪ್ರತಿ ಅಕ್ಷರಕ್ಕೂ ಎಡಗಡೆ ಕಪ್ಪು ನೆರಳು. ಎರಡು ಜಡೆಯ ಹುಡುಗಿಯೊಬ್ಬಳು ಬೆರಳ ತುದಿಗೆ ಪುಡಿ ಹಚ್ಚಿಕೊಂಡು, ಬೆರಳೆತ್ತಿ, ಬಾಯ್ತುಂಬ ನಗುತ್ತಿದ್ದಾಳೆ. ಕೆಳಗೆ ‘ದಿನಾ ಉಜ್ಜಿರಿ, ಸದಾ ನಗಿರಿ’ ಎಂಬ ಸಾಲು, ಅದರ ಕೆಳಗೆ ಅಂಗಡಿಯ ವಿಳಾಸ. ವಿಳಾಸದಲ್ಲಿ ಬಂಗಾರಪೇಟೆಯ ಹೆಸರು ಇನ್ನೂ ಹಳೇ ಕಾಲದ ಬೌರಿಂಗ್‌ಪೇಟೆ ಎಂದೇ ಇತ್ತು. ಅಂಗಡಿಯೂ ಇಲ್ಲ, ಹಲ್ಲುಪುಡಿಯೂ ಇಲ್ಲ. ಹುಡುಗಿ ಮಾತ್ರ ನಗುತ್ತಲೇ ಇದ್ದಳು.

ಇಂಥ ಹಳೇ ಚಿತ್ರಗಳೆಂದರೆ ಕೋದಂಡಪ್ಪನವರಿಗೆ ಚಿಕ್ಕಂದಿನಿಂದ ಪ್ರಾಣ. ಬೀಡಿ ಕಟ್ಟಿನ ಚೀಟಿ, ಸೋಪಿನ ಹೊದಿಕೆ, ಅಂಚೆಚೀಟಿ, ಎಲ್ಲವೂ ಒಂದು ಟ್ರಂಕಿನಲ್ಲಿದ್ದವು. ದೀಪಾವಳಿಗೆ ಪಟಾಕಿ ತಂದರೆ ಮೊದಲು ನೀರಿನಲ್ಲಿ ನೆನೆಸಿ ಲೇಬಲ್ಲು ಬಿಡಿಸಿಕೊಳ್ಳುವರು. ಆಮೇಲೆ ಪಟಾಕಿ ಹೊಡೆಯುವುದೆಲ್ಲಿ ಬಂತು?

“ಊರೋರೆಲ್ಲ ಪಟಾಕಿ ಒಣಗಾಕ್ತಾರೆ. ನೆನೆಯಾಕೋ ಮನೆ ನಮ್ದೊಂದೇ!” ಎಂದು ಹೆಂಡತಿ ಅಂಬಿಕಮ್ಮ ಬೈದುಕೊಳ್ಳುತ್ತಿದ್ದರು.

ರಿಟೈರಾದ ಮೇಲೆ ಪೇಟೆಯಲ್ಲಿ ಸ್ವಂತಕ್ಕೊಂದು ಮನೆ ಮಾಡಿಕೊಳ್ಳುವ ಮಾತು ಬಂತು. ಅಂಬಿಕಮ್ಮ ನಲ್ಲಿ, ಮೋಟಾರು, ಗ್ರಾನೈಟ್ ಅಡುಗೆಕಟ್ಟೆ ಎಲ್ಲ ಇರುವ ಮನೆಯೊಂದನ್ನು ನೋಡಿ ಇಟ್ಟಿದ್ದರು. ಇವರು ಸಂಜೆ ತರಕಾರಿಗೆಂದು ಹೋದವರು ಹೆಂಚಿನ ಮನೆಗೆ ಮುಂಗಡ ಕೊಟ್ಟು ಬಂದರು.

“ಒಳಗೆ ಎಂಗೈತೆ?” ಎಂದು ಅಂಬಿಕಮ್ಮ ಕೇಳಿದರು.

“ಒಳಗೆ… ಒಳಗೆ ನಾನು ಓಗ್ಲಿಲ್ಲ” ಎಂದರು ಕೋದಂಡಪ್ಪನವರು.

ಸಾಮಾನೆಲ್ಲ ಬಂತು, ಹಾಲು ಉಕ್ಕಿತು. ಆಗ ಗೊತ್ತಾದದ್ದು ಒಂದು ವಿಷಯ. ಆ ರಸ್ತೆಯಲ್ಲಿ ಹಲ್ಲುಪುಡಿ ಹುಡುಗಿ ಎಲ್ಲರ ಮನೆಯ ಕಿಟಕಿಗೂ ಕಾಣುತ್ತಿದ್ದಳು, ಇವರ ಮನೆಯೊಳಕ್ಕೆ ಮಾತ್ರ ಕಾಣುತ್ತಿರಲಿಲ್ಲ. ಹಾಗಾಗಿ ಕೋದಂಡಪ್ಪನವರು ಬೆಳಿಗ್ಗೆ ಎದ್ದು ಮುಖ ತೊಳೆದು ಎದುರಿನ ಚಿರಂಜೀವಿಯ ಟೀ ಅಂಗಡಿಯಲ್ಲಿ ಕೂತರೆ, ತಮ್ಮ ಮನೆಯನ್ನೇ ನೋಡುತ್ತ ಊಟದ ಹೊತ್ತಿನವರೆಗೂ ಏಳುತ್ತಿರಲಿಲ್ಲ.

“ಅಕ್ಷರ ನೋಡ್ಲಾ ಚಿರಂಜೀವಿ. ಆ ‘ಹಾ’ ನೋಡು. ನಗೋಕೇಂತ್ಲೇ ಬಾಯ್ ಬಿಟ್ಟಂಗೈತೆ. ಸ್ಕೇಲಿಡದೆ ಬರ್ದವ್ನೆ ಪುಣ್ಯಾತ್ಮ.”

“ಬಾಗುಂದಣ್ಣ, ಬಾಗುಂದಿ” ಎಂದು ತೆಲುಗಿನಲ್ಲೇ ಹೊಗಳುತ್ತ ಚಿರಂಜೀವಿ ಇನ್ನೊಂದು ಟೀ ಇಡುತ್ತಿದ್ದ.

“ಮನೆ ಕೊಂಡ್ಕಂಡು ಟೀ ಅಂಗ್ಡೀಲಿ ವಾಸ ಮಾಡೋರು ಈ ಜಿಲ್ಲೇಲಿ ನೀವೊಬ್ರೇ” ಎಂದು ಅಂಬಿಕಮ್ಮ ರಸ್ತೆಯ ಈ ಕಡೆಯಿಂದಲೇ ಕೂಗುತ್ತಿದ್ದರು. “ಅವ್ಳು ಬೆರಳೆತ್ತಿರೋದು ನೋಡಿದ್ರೆ ಮೇಷ್ಟ್ರನ್ನ ಏನೋ ಕೇಳೋ ಅಂಗೈತೆ. ಅದ್ರಾಗೆ ನೋಡಾದೇನೈತೆ ಅಷ್ಟೊಂದು?”

ಹೋದ ವರ್ಷ ಅಂಬಿಕಮ್ಮನ ತಂಗಿಯ ಮನೆ ಗೃಹಪ್ರವೇಶಕ್ಕೆಂದು ಇಬ್ಬರೂ ಮುಳಬಾಗಿಲಿಗೆ ಹೋದರು. ತಿರುಗಿ ಬಂದು ಬಸ್ಸಿಳಿದಾಗ ಕೋದಂಡಪ್ಪನವರಿಗೆ ತಮ್ಮ ಮನೆಯೇ ಗುರುತಾಗಲಿಲ್ಲ. ಗೋಡೆ ಬೆಳ್ಳಗಿತ್ತು. ಅದರ ಮೇಲೆ ನೀಲಿ ಬಣ್ಣದಲ್ಲಿ, ಅಚ್ಚು ತಗಡಿಟ್ಟು ತೀಡಿದ ಮೊಂಡು ಅಕ್ಷರಗಳಲ್ಲಿ, ‘ನಮ್ಮ ಊರು ಸ್ವಚ್ಛ ಊರು’ ಎಂದು ಬರೆದಿತ್ತು. ಗೋಡೆಬರಹದ ಕಂಟ್ರಾಕ್ಟು ಹಿಡಿದಿದ್ದ ರಾಮಚಂದ್ರಪ್ಪ ಎಂಬಾತ, ಬೀಗ ಹಾಕಿದ ಮನೆ, ಕೇಳುವವರಿಲ್ಲ ಎಂದುಕೊಂಡು ಸುಣ್ಣ ಬಳಿಸಿಬಿಟ್ಟಿದ್ದ.

ಕೋದಂಡಪ್ಪನವರು ಒಳಗೆ ಹೋಗಿ, ಚಪ್ಪಲಿ ಕೂಡ ಬಿಚ್ಚದೆ, ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಮಾರನೇ ದಿನವೂ ಟೀ ಅಂಗಡಿಗೆ ಹೋಗಲಿಲ್ಲ. ಚಿರಂಜೀವಿಯೇ ಲೋಟ ಹಿಡಿದು ಬಂದರೆ, “ಇಟ್ಟೋಗಪ್ಪ” ಎಂದರಷ್ಟೆ. ಟೀ ಆರಿ ಕೆನೆ ಕಟ್ಟಿತು.

ಗಂಡ ಮನೆಯೊಳಗೇ ಇರಲಿ ಎಂದು ಇಷ್ಟು ದಿನ ಹಾರೈಸಿದ್ದ ಅಂಬಿಕಮ್ಮನಿಗೆ, ಅವರು ಹೀಗೆ ಒಳಗೇ ಇರುವುದನ್ನು ನೋಡಲಾಗಲಿಲ್ಲ. ಸೆರಗು ಸಿಕ್ಕಿಸಿ, ಬಕೆಟ್ಟು, ತೆಂಗಿನ ನಾರು ಹಿಡಿದು ಹೊರಗೆ ಬಂದರು. ಗೋಡೆಯ ಒಂದು ಮೂಲೆಗೆ ನೀರೆರಚಿ ಉಜ್ಜಿದರು. ಹಳೇ ಚಿತ್ರ ಎಣ್ಣೆಬಣ್ಣದ್ದು, ಅದರ ಮೇಲೆ ಸುಣ್ಣ ಹಿಡಿದಿರಲಿಲ್ಲ. ನೀಲಿ ಅಕ್ಷರ ಸಮೇತ ಪೊರೆಯಂತೆ ಎದ್ದು ಬಂತು. ಒಳಗಿಂದ ಒಂದು ಜಡೆಯ ತುದಿ, ಅದಕ್ಕೆ ಕಟ್ಟಿದ ಟೇಪು ಕಾಣಿಸಿತು.

“ಏನ್ರೀ! ಬನ್ರೀ ಇಲ್ಲಿ! ಜಡೆ ಸಿಕ್ತು!”

ಕೋದಂಡಪ್ಪನವರು ಹೇಗೆ ಎದ್ದರೋ ಹೇಗೆ ಬಂದರೋ, ನಾರಿಗಾಗಿ ಕೈ ಚಾಚಿದರು. ಚಿರಂಜೀವಿ ಅಂಗಡಿಯ ಸ್ಟೂಲು ತಂದ. ಟೀ ಕುಡಿಯುತ್ತಿದ್ದವರು ತಮ್ಮ ತಮ್ಮ ಲೋಟ ಕೆಳಗಿಟ್ಟು ಬಂದು ಕೈ ಹಾಕಿದರು. ಸಂಜೆಯ ಹೊತ್ತಿಗೆ ಹುಡುಗಿ ಮತ್ತೆ ನಗುತ್ತಿದ್ದಳು. ಆದರೆ ಉಜ್ಜುವ ಭರದಲ್ಲಿ ಹಣೆಯ ಬೊಟ್ಟು ಹೊರಟುಹೋಗಿತ್ತು.

“ದುಂಡು ಬೊಟ್ಟು” ಎಂದರು ಕೋದಂಡಪ್ಪನವರು.

“ಬೊಟ್ಟೇ ಇರ್ಲಿಲ್ಲಣ್ಣ” ಎಂದ ಚಿರಂಜೀವಿ.

“ಉದ್ದ ಬೊಟ್ಟು. ಕೆಳಗೊಂದು ಚುಕ್ಕಿ” ಎಂದರು ಅಂಬಿಕಮ್ಮ, ಬಕೆಟ್ಟಿನ ನೀರು ಚೆಲ್ಲುತ್ತ.

ಕೋದಂಡಪ್ಪನವರು ಹೆಂಡತಿಯನ್ನೇ ನೋಡಿದರು. “ನೀನ್ಯಾವಾಗ ನೋಡ್ದೆ?”

“ಬಟ್ಟೆ ಒಣಗಾಕೋ ತಂತಿ ಇಲ್ಲೇ ಅಲ್ವಾ ಇರಾದು? ದಿನಾ ಎದ್ರಿಗೇ ನಿಂತಿರ್ತಾಳೆ. ನಂಗೇನು ಕಣ್ಣಿಲ್ವಾ?” ಎಂದು ಹೇಳಿ, ಆಮೇಲೆ ದನಿ ತಗ್ಗಿಸಿ, “ಒಂದೊಂದ್ಸಲ ಮಾತಾಡ್ಸ್ತೀನಿ” ಎಂದರು.

ಅಷ್ಟರಲ್ಲಿ ಸ್ಕೂಟರಿನಲ್ಲಿ ರಾಮಚಂದ್ರಪ್ಪ ಬಂದ. ಗೋಡೆ ನೋಡಿ ಅವನ ಮುಖ ಸುಣ್ಣವಾಯಿತು. “ಯಾರಮ್ಮ ಅಳ್ಸಿದ್ದು? ಸರ್ಕಾರಿ ಬರಹ ಅದು!”

“ಗೋಡೆ ನಮ್ದು ಕಣಪ್ಪ. ಕೇಳ್ದೇ ಬಳ್ದೋನು ನೀನು.”

“ಫೋಟೋ ಇಲ್ದೆ ಬಿಲ್ಲಾಗಲ್ಲಮ್ಮ. ಈ ಗೋಡೇಲಿ ಸ್ವಚ್ಛತೆ ಅಂತ ಇರ್ಲೇಬೇಕು.”

“ಅಲ್ಲು ಉಜ್ಜೋದು ಸ್ವಚ್ಛತೆ ಅಲ್ವಾ?” ಎಂದರು ಅಂಬಿಕಮ್ಮ. “ನೀನು ಬರೆಸಿದ್ದು ಬರೀ ಮಾತು. ಇವ್ಳು ಮಾಡಿ ತೋರಿಸ್ತಾವ್ಳೆ.”

ಸುತ್ತ ನಿಂತವರೆಲ್ಲ ಹೋ ಎಂದು ನಕ್ಕರು. ರಾಮಚಂದ್ರಪ್ಪನಿಗೂ ನಗು ತಡೆಯಲಾಗಲಿಲ್ಲ. ಕೊನೆಗೆ ವಿಳಾಸದ ಕೆಳಗೆ ಖಾಲಿಯಿದ್ದ ಪಟ್ಟಿಯಲ್ಲಿ ಅವನ ಬರಹ ಬರಬಹುದೆಂದು ಒಪ್ಪಿಗೆಯಾಯಿತು. ಕೋದಂಡಪ್ಪನವರದು ಒಂದೇ ಷರತ್ತು. ಅಚ್ಚು ತಗಡು ಇಡಕೂಡದು, ಕೈಯಲ್ಲೇ ಬರೆಯಬೇಕು.

ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸಿನಿಂದ ನಾಗೇಶ ಎಂಬ ಪೇಂಟರು ಬಂದ. ಅವನೂ ಕೋದಂಡಪ್ಪನವರೂ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಜಗಳವಾಡಿದ್ದೇ ಆಡಿದ್ದು. ನೆರಳು ಎಡಕ್ಕೋ ಬಲಕ್ಕೋ ಎಂದೊಂದು ಸಲ, ‘ಚ್ಛ’ದ ಒತ್ತು ಎಷ್ಟು ಇಳಿಯಬೇಕೆಂದು ಇನ್ನೊಂದು ಸಲ. ಕೋದಂಡಪ್ಪನವರು ಸೀಮೆಸುಣ್ಣದಲ್ಲಿ ಬರೆದು ತೋರಿಸಿದ ಒತ್ತು ಮಾವಿನಕಾಯಿಯ ಹಾಗಿತ್ತು. ನಾಗೇಶ ಅದನ್ನು ಒರೆಸಿ, ಒಂದು ಹೆಜ್ಜೆ ಹಿಂದೆ ನಿಂತು, ಉಸಿರು ಹಿಡಿದು ಒಂದೇ ಎಳೆತದಲ್ಲಿ ಕುಂಚ ಎಳೆದ. ಒತ್ತು ಜುಮುಕಿಯ ಹಾಗೆ ಇಳಿಯಿತು.

“ಅಣ್ಣೆ, ಸರಿಯಾ?”

ಕೋದಂಡಪ್ಪನವರು ಅವನಿಗೊಂದು ಟೀ ಹೇಳಿದರು. ಬೊಟ್ಟನ್ನು ಅಂಬಿಕಮ್ಮ ತಾವೇ ಸ್ಟೂಲು ಹತ್ತಿ ಇಟ್ಟರು.

ಹೊಸ ಬಣ್ಣ ಬಿದ್ದದ್ದೇ ತಡ, ಹಲ್ಲುಪುಡಿ ಕಂಪನಿ ಮತ್ತೆ ಶುರುವಾಗಿದೆ ಎಂದು ಕೆಲವರು ತಿಳಿದರು. ಕೆ.ಜಿ.ಎಫ್.ನ ಮೈಸೂರು ಮೈನ್ಸ್ ಕಡೆಯ ಒಬ್ಬ ಅಜ್ಜಿ ಬಸ್ಸಿಳಿದು ಬಂದು ಬಾಗಿಲು ತಟ್ಟಿ, “ಒಂದು ಪೊಟ್ಟಣ ಕೊಡಮ್ಮ” ಎಂದಳು. ಇಲ್ಲವೆಂದು ಕಳಿಸಲು ಅಂಬಿಕಮ್ಮನಿಗೆ ಮನಸ್ಸಾಗಲಿಲ್ಲ. ಮನೆಯಲ್ಲಿ ಭತ್ತದ ಹೊಟ್ಟು ಸುಟ್ಟು, ಉಪ್ಪು, ಲವಂಗ ಸೇರಿಸಿ ಕುಟ್ಟಿಟ್ಟುಕೊಂಡಿದ್ದ ಪುಡಿಯನ್ನೇ ಪೇಪರಿನಲ್ಲಿ ಕಟ್ಟಿ ಕೊಟ್ಟರು. ಅಜ್ಜಿ ಮುಂದಿನ ವಾರ ತನ್ನ ಓರಗಿತ್ತಿಯನ್ನೂ ಕರೆದುಕೊಂಡು ಬಂದಳು.

ಈಗ ಕೋದಂಡಪ್ಪನವರು ಟೀ ಅಂಗಡಿಗೆ ಕಾಗದ, ಬಣ್ಣದ ಪೆನ್ಸಿಲ್ಲು ಹಿಡಿದೇ ಹೋಗುತ್ತಾರೆ. ಹೆಂಡತಿಯ ಪುಡಿಗೊಂದು ಲೇಬಲ್ಲು ಆಗಬೇಕಲ್ಲ. ಮಧ್ಯಾಹ್ನದ ಕೆಲಸ ಮುಗಿಸಿ ಅಂಬಿಕಮ್ಮನೂ ರಸ್ತೆ ದಾಟಿ ಬಂದು ಪಕ್ಕದಲ್ಲಿ ಕೂರುತ್ತಾರೆ. ಗಿಳಿ ಬರೆದರೆ ಕೊಕ್ಕು ದಪ್ಪವೆನ್ನುತ್ತಾರೆ. ಚಂದ್ರ ಬರೆದರೆ ಇಡ್ಲಿಯ ಹಾಗಿದೆಯೆನ್ನುತ್ತಾರೆ. ಲೇಬಲ್ಲು ಇನ್ನೂ ಒಂದು ರೂಪಕ್ಕೆ ಬಂದಿಲ್ಲ. ಪುಡಿ ಪೇಪರಿನಲ್ಲೇ ಹೋಗುತ್ತಿದೆ.