ಬಳೆ ಜಾರಿದಾಗ ಹತ್ತುತ್ತಿದ್ದ ದೀಪ

ಅಕ್ಕನ ಎಡಗೈಯ ಹಸಿರು ಗಾಜಿನ ಬಳೆಗಳು ಮೊಣಕೈ ಕಡೆಯಿಂದ ಜಾರಿ, ಮಣಿಕಟ್ಟಿನಲ್ಲಿ ಒಂದರ ಮೇಲೊಂದು ಕೂತು ಸುಮ್ಮನಾದವು. ಅದೇ ಹೊತ್ತಿಗೆ ಸ್ಟಿಯರಿಂಗಿನ ಹಿಂದೆ ಸಣ್ಣದೊಂದು ಕೆಂಪು ದೀಪ ಹತ್ತಿತು. ರಸ್ತೆ ನೇರವಾಗುತ್ತಲೇ ದೀಪ ಆರಿತು.

ಅದು 1986, ಎರಡು ವರ್ಷದ ಹಿಂದಿನ ಮಾತು. ನಾನು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬೆಳಗಾವಿಯ ಮನೆಗೆ ಮರಳಿದ್ದೆ. ಚಳಿಗಾಲ ಕಳೆಯುತ್ತಿತ್ತು. ಕಣಕುಂಬಿಯಲ್ಲಿ, ಅಕ್ಕನ ಗಂಡನ ಮನೆಯಲ್ಲಿ, ಅವಳ ಸೀಮಂತದ ಕುಬಸ ಮುಗಿಸಿಕೊಂಡು ಹೆರಿಗೆಗೆಂದು ತವರಿಗೆ ಕರೆತರುತ್ತಿದ್ದೆವು. ಅಪ್ಪ ಕಾರು ನಡೆಸುತ್ತಿದ್ದರು. ಪಕ್ಕದಲ್ಲಿ ನಾನು. ನನ್ನ ಹಿಂದೆ ಅಕ್ಕ, ಅವಳ ಬದಿಗೆ ಬುತ್ತಿಯ ಬುಟ್ಟಿ ಹಿಡಿದ ದೊಡ್ಡವ್ವ. ಅಕ್ಕ ನನ್ನ ಸೀಟಿನ ಬೆನ್ನಿನ ಮೇಲೆ ಎಡಗೈಯನ್ನು ಅಡ್ಡ ಇಟ್ಟುಕೊಂಡು ಅದಕ್ಕೆ ಗಲ್ಲ ಆನಿಸಿದ್ದಳು. ಬಳೆಗಳು ನನ್ನ ಕಿವಿಯ ಹತ್ತಿರವೇ ಇದ್ದವು. ಕುಬಸದಲ್ಲಿ ದೊಡ್ಡವ್ವ ನನಗೂ ಹಸಿರು ಬಳೆ ಕೊಟ್ಟಿದ್ದಳು. ಕೈಗಡಿಯಾರವೇ ಸಾಕೆಂದು ನಾನು ಅವನ್ನು ಕರವಸ್ತ್ರದಲ್ಲಿ ಸುತ್ತಿ ಚೀಲದಲ್ಲಿ ಇಟ್ಟಿದ್ದೆ.

ಇಳಿಹೊತ್ತಿನ ಬಿಸಿಲು ಮರಗಳ ಸಂದಿಯಿಂದ ಓರೆಯಾಗಿ ಬೀಳುತ್ತಿತ್ತು. ಹೋಳಿಗೆ ಉಂಡ ಮಂಪರಿನಲ್ಲಿ ಯಾರಿಗೂ ಮಾತು ಬೇಕಿರಲಿಲ್ಲ. ರಸ್ತೆ ಎಡಕ್ಕೆ ತಿರುಗಿದಾಗ ಬಳೆಗಳು ಸದ್ದಾಗಿ ಜಾರುತ್ತಿದ್ದವು, ದೀಪ ಹತ್ತುತ್ತಿತ್ತು. ಬಲಕ್ಕೆ ತಿರುಗಿದರೆ ಅವು ಮೆಲ್ಲಗೆ ಹಿಂದೆ ಸರಿಯುತ್ತಿದ್ದವು, ದೀಪ ಕಾಣುತ್ತಿರಲಿಲ್ಲ. ಅಕ್ಕನೇ ನಿದ್ದೆಗಣ್ಣಿನಲ್ಲಿ ಕೈಯಾಡಿಸಿ ದೀಪ ಹಚ್ಚುತ್ತಿದ್ದಾಳೆ ಅನ್ನಿಸುತ್ತಿತ್ತು. ಎಷ್ಟು ಹೊತ್ತು ಹಾಗೆ ನೋಡುತ್ತ ಕೂತಿದ್ದೆನೋ ತಿಳಿಯದು.

"ಅಪ್ಪಾ, ಆ ಕೆಂಪು ದೀಪ ಯಾಕ ಹತ್ತತೈತ್ರಿ?" ಎಂದೆ.

"ಹ್ಯಾಂಡ್ ಬ್ರೇಕಿಂದು. ಪೂರಾ ಬಿಟ್ಟಿಲ್ಲ ಅನಸ್ತೈತಿ," ಎಂದು ಅಪ್ಪ ಅದನ್ನು ಒಮ್ಮೆ ಎಳೆದು ಬಿಟ್ಟರು.

"ಈಗ ಶಾಂತ ಆಗೇತಲ್ಲ, ಮತ್ತ್ಯಾಕ ಅದರ ಮಾತು," ಎಂದಳು ಹಿಂದಿನಿಂದ ದೊಡ್ಡವ್ವ.

ಮುಂದಿನ ಎಡ ತಿರುವಿನಲ್ಲಿ ಬಳೆ ಸದ್ದಾಯಿತು. ದೀಪ ಹತ್ತಿತು. ನನ್ನ ಮಂಪರು ಥಟ್ಟನೆ ಇಳಿಯಿತು. ಬಳೆ ಜಾರುವುದು ಕಾರು ವಾಲುವುದರಿಂದ. ಹಾಗಾದರೆ ಕಾರಿನೊಳಗೆ ಇನ್ನೇನೋ ಅದರ ಜೊತೆಗೇ ಜಾರುತ್ತಿದೆ. ಕಾರು ತಂದ ದಿನ ಅಂಗಡಿಯವರು ಬಾನೆಟ್ ಎತ್ತಿ ಬಿಳಿಯದೊಂದು ಡಬ್ಬಿಯ ಮೇಲೆ ಬೆರಳಿಟ್ಟು, ಇದರಲ್ಲಿ ಬ್ರೇಕಿನ ಎಣ್ಣೆ ಇರುತ್ತದೆ, ಕಡಿಮೆಯಾದರೂ ಹ್ಯಾಂಡ್ ಬ್ರೇಕಿನ ಕೆಂಪು ದೀಪವೇ ಹತ್ತುತ್ತದೆ ಎಂದಿದ್ದರು. ತುಂಬಿದ ಡಬ್ಬಿ ವಾಲಿದರೆ ಏನೂ ಆಗದು. ತಳದಲ್ಲಿ ಸ್ವಲ್ಪವೇ ಉಳಿದಿದ್ದರೆ ಮಾತ್ರ ಎಣ್ಣೆ ಒಂದು ಬದಿಗೆ ಸರಿದುಬಿಡುತ್ತದೆ.

"ಅಪ್ಪಾ, ಬ್ರೇಕ್ ಒತ್ತಿದ್ರ ಪೆಡಲ್ ಯಾವಾಗ್ಲೂ ಇದ್ದಂಗ ಐತೇನ್ರಿ?"

ಅಪ್ಪ ಕನ್ನಡಿಯಲ್ಲಿ ಅಕ್ಕನ ಮುಖ ನೋಡಿದರು. ಆಮೇಲೆ ನನಗಷ್ಟೇ ಕೇಳುವಂತೆ, "ಕಣಕುಂಬಿ ಬಿಟ್ಟಾಗಿಂದ ಸ್ವಲ್ಪ ಒಳಗ ಹೋಗಾಕತ್ತೈತಿ. ಆಕಿ ಮುಂದ ಯಾಕ ಹೇಳೂದು ಅಂತ ಸುಮ್ಮನಿದ್ದೆ," ಎಂದರು.

ಜಾಂಬೋಟಿಗೆ ಮೊದಲು ಒಂದು ಉದ್ದದ ಇಳಿಜಾರಿತ್ತು.

"ಇಲ್ಲೇ ನಿಂದ್ರಸ್ರಿ. ಗೇರ್ ಇಳಿಸ್ರಿ. ಹ್ಯಾಂಡ್ ಬ್ರೇಕ್ ಸಾವಕಾಶ ಎಳೀರಿ," ಎಂದೆ.

ಕಾರು ಮಣ್ಣಿನ ದಿಬ್ಬಕ್ಕೆ ಒರಗಿದಂತೆ ನಿಂತಿತು. ಬಾನೆಟ್ ಎತ್ತಿ ನೋಡಿದರೆ ಡಬ್ಬಿಯ ತಳದಲ್ಲಷ್ಟೇ ಎಣ್ಣೆ. ಹಿಂದಿನ ಒಂದು ಚಕ್ರದ ಒಳಮೈ ಒದ್ದೆಯಾಗಿ ಧೂಳು ಮೆತ್ತಿಕೊಂಡಿತ್ತು.

"ಎಣ್ಣಿ ಕಮ್ಮಿ ಆಗೇತೇನು? ಬುಟ್ಟ್ಯಾಗ ಕುಸುಬಿ ಎಣ್ಣಿ ಐತಿ, ಹಾಕ್ರಿ," ಎಂದಳು ದೊಡ್ಡವ್ವ. "ಮುಚ್ಚಂಜಿ ಹೊತ್ನ್ಯಾಗ ಬಸರಿ ಹೆಣ್ಣಮಗಳನ್ನ ಅಡವ್ಯಾಗ ಕುಂಡ್ರಸ್ತೀರೇನು? ಲಗೂ ಮನಿ ಸೇರೂಣು."

"ಅದು ಬ್ಯಾರೆ ಎಣ್ಣಿ, ದೊಡ್ಡವ್ವಾ. ಇದನ್ನ ಹಾಕಿದ್ರ ಒಳಗಿನ ರಬ್ಬರ್ ಉಬ್ಬಿ ಕೆಡತೈತಿ."

"ಒಗ್ಗರಣಿ ಹಾಕಾಕ ಬರೂದಿಲ್ಲ, ಎಣ್ಣಿ ಬಗ್ಗೆ ನನಗ ಹೇಳತಾಳ!"

ಕಾರಿನೊಳಗೆ ಅಕ್ಕ ನಕ್ಕಳು. ಅಪ್ಪ ನಗಲಿಲ್ಲ. ಸೂರ್ಯನತ್ತ ನೋಡಿ, "ಸಾವಕಾಶ ಹೋದ್ರ ಜಾಂಬೋಟಿ ಮುಟ್ಟಬಹುದು," ಎಂದರು. ಎಂಜಿನ್ ಆರಿಸಿದ ಕಾರಿನಲ್ಲಿ ದೀಪವೂ ಕಾಣುತ್ತಿರಲಿಲ್ಲ.

ಮನೆಯಲ್ಲಿ ನಾನು ವಾದಿಸುವವಳಲ್ಲ. ಹಿಂದಿನ ಬಾಗಿಲು ತೆರೆದು, "ಅಕ್ಕಾ, ಇಳಿ," ಎಂದು ಕೈ ಚಾಚಿದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಹೊಟ್ಟೆಗೆ ಒಂದು ಕೈ ಆನಿಸಿ, ಇನ್ನೊಂದನ್ನು ನನ್ನ ಕೈಗಿತ್ತು ಇಳಿದಳು. ಅವಳ ಕಾಲು ನೆಲಕ್ಕೆ ತಾಗಿದ ಮೇಲೆ ಕಾರಿನಲ್ಲಿ ಮುಂದೆ ಹೋಗುವ ಮಾತನ್ನು ಯಾರೂ ಎತ್ತಲಿಲ್ಲ.

ಬೆಳಗಾವಿಯ ಕೆಂಪು ಬಸ್ಸು ಬರುವ ಹೊತ್ತಿಗೆ ಬಿಸಿಲು ಮರದ ತುದಿಗೆ ಏರಿತ್ತು. ಕಂಡಕ್ಟರ್ ತಾನೇ ಕೆಳಗಿಳಿದು, "ಬರ್ರಿ ಅಕ್ಕಾರ, ಸಾವಕಾಶ ಹತ್ರಿ. ಏ ಮಾಮಾ, ಏಳ್ರಿ! ಅವರು ಒಬ್ಬರಲ್ಲ, ಇಬ್ಬರದಾರ," ಎಂದ. ಮುಂದಿನ ಸೀಟಿನಲ್ಲಿದ್ದ ಟೋಪಿಯ ಮುದುಕರು "ಬಸಾ, ಬಸಾ" ಎಂದು ಮರಾಠಿಯಲ್ಲಿ ಕೂರಲು ಹೇಳುತ್ತ ಎದ್ದರು. ನಾವು ಮೂವರು ಹತ್ತಿದೆವು, ಅಪ್ಪ ಕಾರಿನ ಹತ್ತಿರವೇ ಉಳಿದರು. ರಾತ್ರಿ ಕಳೆಯಲು ಜಾಂಬೋಟಿಯಲ್ಲಿ ಅವರ ಪರಿಚಯದವರ ಮನೆಯಿತ್ತು.

ಬಸ್ಸು ತಿರುವುಗಳಲ್ಲಿ ವಾಲಿದಾಗಲೆಲ್ಲ ಅಕ್ಕನ ಬಳೆಗಳು ಜಾರಿದವು. ಪ್ರತಿ ಸಲವೂ ನನ್ನ ಕಣ್ಣು ಡ್ರೈವರನ ಮುಂದೆ ಕೆಂಪು ದೀಪ ಹುಡುಕಿತು. ಅಕ್ಕ ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಅಕ್ಕನ ಮಗಳು ಈಗ ಮನೆತುಂಬ ಓಡಾಡುತ್ತಾಳೆ. ಅವಳ ಪುಟ್ಟ ಬಳೆಗಳ ಸದ್ದು ಕೇಳಿದರೆ, ನಾನು ಎಲ್ಲೇ ಇರಲಿ, ಆ ಬಿಸಿಲಿನ ತಿರುವು ಕಣ್ಣಿಗೆ ಬರುತ್ತದೆ.

ಮರುದಿನ ಬೆಳಿಗ್ಗೆ ಕರವಸ್ತ್ರ ಬಿಚ್ಚಿ ಹಸಿರು ಬಳೆಗಳನ್ನು ಎಡಗೈಗೆ ಏರಿಸಿಕೊಂಡೆ. ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಬಸ್ಸು ಹತ್ತಿದೆ. ಕಾರಿನ ಹತ್ತಿರ ಅಪ್ಪ ಆಗಲೇ ಬಂದು ನಿಂತಿದ್ದರು. ಮೆಕ್ಯಾನಿಕ್ ಪೆಡಲ್ ಒತ್ತಿದರು. ಅದು ಮೆತ್ತಗೆ ನೆಲ ಮುಟ್ಟಿತು.

"ಕಲ್ಲು ಬಡದು ಪೈಪ್ ಸೀಳೇತ್ರಿ. ಈ ಇಳಕಲಿನ್ಯಾಗ ಎರಡ್ಮೂರು ಸಲ ಒತ್ತಿದ್ರ ಖಲಾಸ್ ಆಗತಿತ್ತು," ಎಂದರು.

ಅಪ್ಪ ಇಳಿಜಾರಿನತ್ತ ನೋಡಿದರು. ಹೊಸ ಪೈಪ್ ಹಾಕಿ, ಎಣ್ಣೆ ತುಂಬಿ, ಮೆಕ್ಯಾನಿಕ್ ಚಕ್ರದ ಹತ್ತಿರದಿಂದ "ಒತ್ರಿ... ಹಿಡೀರಿ... ಬಿಡ್ರಿ" ಎಂದು ಕೂಗಿದಂತೆ ಪೆಡಲ್ ಒತ್ತಿದವಳು ನಾನು. ಕೊನೆಗೆ ಅದು ಕಾಲಿಗೆ ಗಟ್ಟಿಯಾಗಿ ಸಿಕ್ಕಿತು.

ಹೊರಟಾಗ ಮೆಕ್ಯಾನಿಕ್ ಮುಂದೆ ಕೂತರು. ನಾನು ಹಿಂದೆ, ಅಕ್ಕ ಕೂತಿದ್ದ ಕಡೆ ಕೂತು, ಅವಳಂತೆಯೇ ಮುಂದಿನ ಸೀಟಿನ ಬೆನ್ನಿಗೆ ಎಡಗೈ ಅಡ್ಡ ಇಟ್ಟೆ. ಇಳಿಜಾರು ದಾಟಿದ ಮೇಲಿನ ಎಡ ತಿರುವಿನಲ್ಲಿ ಬಳೆಗಳು ಸದ್ದಾಗಿ ಮಣಿಕಟ್ಟಿಗೆ ಜಾರಿದವು.

"ದೀಪ ಹತ್ತಲಿಲ್ಲವ್ವಾ," ಎಂದರು ಅಪ್ಪ, ಹಿಂದೆ ನೋಡದೆ.

ಮುಂದಿನ ತಿರುವಿಗೂ ನಾನು ಕೈಯನ್ನು ಹಾಗೆಯೇ ಇಟ್ಟೆ.