ಯಕ್ಷಿಣಿಯ ಮಡಿಲಕ್ಕಿ

ಇವತ್ತು ಹೂವಿನ ಅಂಗಡಿಯಲ್ಲಿ ನೆನೆಹಾಕಿದ ಬಾಳೆನಾರಿನ ವಾಸನೆ ಮೂಗಿಗೆ ಬಡಿದು, ಬಂದ ಕೆಲಸವನ್ನೇ ಮರೆತು ನಿಂತುಬಿಟ್ಟೆ. ಮೊದಲೇ ಮನಸ್ಸು ಸರಿಯಿರಲಿಲ್ಲ. ಮಗಳೊಡನೆ ನಾಲ್ಕು ದಿನದಿಂದ ಮಾತು ಬಿಟ್ಟಿದ್ದೇನೆ. ಕಾರಣ ಆಮೇಲೆ ಹೇಳುತ್ತೇನೆ. ಮೊದಲು ಈ ವಾಸನೆಯ ಹಿಂದೆ ನಂಜನಗೂಡಿನವರೆಗೆ ಬನ್ನಿ.

ತೊಂಬತ್ತರ ದಶಕ. ನಮ್ಮ ಬೀದಿಯ ಜಗಲಿಯೊಂದರಲ್ಲಿ ಪುಟ್ಟತಾಯಮ್ಮ ಮಧ್ಯಾಹ್ನವೆಲ್ಲ ಹೂ ಕಟ್ಟುತ್ತಿದ್ದರು. ಓದು ಬರುತ್ತಿರಲಿಲ್ಲ, ಓದಿಸಿಕೊಳ್ಳುವ ಹುಚ್ಚು ಮಾತ್ರ ವಿಪರೀತ. ವಾರಪತ್ರಿಕೆಯ ಮಾಟ ಮಂತ್ರದ ಧಾರಾವಾಹಿಯನ್ನು ಮಗಳು ಮಂಜುಳ ಓದಿ ಹೇಳುತ್ತಿದ್ದಳು. ಆ ಮಂಜುಳ ಒಂದು ದಿನ ಬೇರೆ ಜಾತಿಯ ಮೆಕ್ಯಾನಿಕ್ ಒಬ್ಬನನ್ನು ಮದುವೆಯಾಗಿ ತಿರುಮಕೂಡಲು ನರಸೀಪುರಕ್ಕೆ ಹೊರಟುಹೋದಳು. "ನನ್ ಪಾಲ್ಗೆ ಅವ್ಳು ಸತ್ತೋದ್ಲು" ಎಂದು ಆಣೆ ಹಾಕಿದ ಪುಟ್ಟತಾಯಮ್ಮ ಮರುವಾರವೇ ನನ್ನನ್ನು ಕರೆದರು.

"ಬಾರವ್ವ, ಓದು. ಕತೆ ಅರ್ದಕ್ಕೇ ನಿಂತೋಗದೆ."

ಸಂಬಳ, ಜಡೆಗೆ ಒಂದು ಮೊಳ ಮಲ್ಲಿಗೆ. ಏಳನೇ ಕ್ಲಾಸಿನ ನನಗೆ ಅದು ದೊಡ್ಡ ಹುದ್ದೆ. ನನ್ನ ಗತ್ತು ಹೇಳತೀರದು.

ಕಥೆ ಇಷ್ಟು: ನದಿಯ ತಳದಲ್ಲಿ ಯಕ್ಷಿಣಿಯರ ಊರು. ಅಲ್ಲಿನ ರಾಣಿಯ ಮಗಳು ದೋಣಿ ನಡೆಸುವ ಮನುಷ್ಯನೊಬ್ಬನಿಗೆ ಮನಸೋತು ದಡ ಹತ್ತುತ್ತಾಳೆ. ರಾಣಿಯ ಬಳಿ ಒಂದು ಮಂತ್ರವಿದೆ. ಅದನ್ನು ಪೂರ್ತಿ ಹೇಳಿದರೆ ಮಗಳು ಕಲ್ಲು. ಹೇಳುತ್ತಾಳೋ ಇಲ್ಲವೋ ಎನ್ನುವುದರಲ್ಲೇ ವಾರಗಟ್ಟಲೆ ಕಥೆ ಓಡುತ್ತಿತ್ತು. ನಾನಂತೂ ಆ ಊರು ನಮ್ಮ ಕಪಿಲೆಯ ಮೆಟ್ಟಿಲುಗಳ ಕೆಳಗೇ ಇದೆಯೆಂದು ನಂಬಿದ್ದೆ. ಸಂಜೆ ಪುಟ್ಟತಾಯಮ್ಮ ಮಾರದೆ ಉಳಿದ ಹೂವನ್ನು ಹೊಳೆಗೆ ಬಿಡುವಾಗ ಜೊತೆಗೆ ಹೋಗಿ, ನೀರಿನೊಳಗೆ ದೀಪ ಕಾಣುತ್ತದೇನೋ ಎಂದು ಬಗ್ಗಿ ನೋಡುತ್ತಿದ್ದೆ. ಕಂಡದ್ದೂ ಉಂಟು, ಈಗ ಹೇಳಿದರೆ ನಗುತ್ತೀರಿ.

"ಈ ಹೂವೆಲ್ಲ ಎಲ್ಲಿಗೆ ಹೋಗುತ್ತೆ ದೊಡ್ಡಮ್ಮ?"

"ಎಲ್ಗಾರ ಓಗ್ಲಿ."

ಕಪಿಲೆ ಹರಿದು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆಂದು ನನಗೆ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ಪುಟ್ಟತಾಯಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಂಜುಳಳಿಗೆ ಏಳು ತಿಂಗಳು ಎಂಬ ಸುದ್ದಿ ಬಂದ ವಾರವೇ ಕಥೆಯ ಕೊನೆಯ ಕಂತೂ ಬಂತು. ಅವತ್ತು ಪುಟ್ಟತಾಯಮ್ಮ ಕಟ್ಟಿದ ಹೂವನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. "ಓಗ್ಲೋ ಬ್ಯಾಡ್ವೋ ಅಂತ ಜೀವ ಒಯ್ದಾಡ್ತದೆ ಕಣವ್ವ. ಆಣೆ ಬ್ಯಾರೆ ಆಕ್ಬುಟ್ಟಿವ್ನಿ" ಎಂದು ನನ್ನಂಥ ಚಿಳ್ಳೆಯ ಮುಂದೆ ಹೇಳಿಕೊಂಡರು. "ಇರ್ಲಿ, ಓದು. ರಾಣಿ ಏನ್ ಮಾಡುದ್ಲು?"

ಓದುತ್ತಿದ್ದಂತೆ ನನ್ನ ಕಣ್ಣು ಮುಂದಿನ ಸಾಲುಗಳಿಗೆ ಓಡಿತ್ತು. ರಾಣಿ ಮಂತ್ರವನ್ನು ಪೂರ್ತಿ ಹೇಳಿಬಿಟ್ಟಿದ್ದಳು. ಮಗಳು ಕಲ್ಲಾಗಿದ್ದಳು. ನನಗೆ ಅಳು ಬಂತು. ಏನು ಧೈರ್ಯವೋ, ಪತ್ರಿಕೆಯಿಂದ ಕಣ್ಣೆತ್ತದೆ, ಓದುವ ರಾಗದಲ್ಲೇ ಬೇರೆ ಹೇಳತೊಡಗಿದೆ. ಮಂತ್ರದ ಕೊನೆಯ ಅಕ್ಷರ ರಾಣಿಯ ಬಾಯಿಗೆ ಬರಲೇ ಇಲ್ಲ. ಅವಳು ನೀರಿನ ಮೇಲೆ ನಡೆದು ದಡಕ್ಕೆ ಬಂದಳು. ಮಗಳನ್ನು ಕೂರಿಸಿ ಅವಳ ಮಡಿಲಿಗೆ ಅಕ್ಕಿ, ಕೊಬ್ಬರಿ, ಬೆಲ್ಲ, ರವಿಕೆ ಕಣ ತುಂಬಿದಳು. ಯಕ್ಷಿಣಿಯರಲ್ಲಿ ಮಡಿಲಕ್ಕಿ ತುಂಬುವ ಪದ್ಧತಿ ಇದೆಯೇ, ಹೊಳೆಯ ತಳದಿಂದ ತಂದ ಅಕ್ಕಿ ನೆನೆದಿರುವುದಿಲ್ಲವೇ ಎಂದೆಲ್ಲ ಯೋಚಿಸಲು ಪುರುಸೊತ್ತಿರಲಿಲ್ಲ.

ಪುಟ್ಟತಾಯಮ್ಮ ಕಟ್ಟಿದ ಹೂವನ್ನು ಬುಟ್ಟಿಗೆ ತುಂಬಿಕೊಂಡು ಎದ್ದರು. ಮರುದಿನ ಜಗಲಿ ಖಾಲಿ. ಬೆಳಗಿನ ಬಸ್ಸಿಗೇ ನರಸೀಪುರಕ್ಕೆ ಹೋದರಂತೆ ಎಂದು ಅಮ್ಮ ಹೇಳಿದಳು. ಅಳಿಯ ಬಾಗಿಲು ಹಾಕಿದರೆ? ನನ್ನ ಸುಳ್ಳು ನಂಬಿ ಹೋದವರು ಅವಮಾನಪಟ್ಟು ವಾಪಸು ಬಂದರೆ? ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಬಂದರು, ಮಂಜುಳಳನ್ನು ಬಾಣಂತನಕ್ಕೆ ಕರೆದುಕೊಂಡೇ ಬಂದರು. ಅವತ್ತು ನನ್ನ ಜಡೆಗೆ ಎರಡು ಮೊಳ ಮಲ್ಲಿಗೆ ಮುಡಿಸಿದರು.

ನನ್ನ ಮದುವೆಯ ಹೊತ್ತಿಗೆ ಎರಡು ಸಾವಿರದ ಇಸವಿ ದಾಟಿತ್ತು. ಹೂ ಕಟ್ಟಲು ನಮ್ಮ ಮನೆಗೇ ಬಂದಿದ್ದ ಅವರ ಮುಂದೆ ಕೂತು ತಪ್ಪೊಪ್ಪಿಕೊಂಡೆ. ಅವರು ನಾರು ಎಳೆಯುತ್ತಲೇ ನಕ್ಕರು.

"ಗೊತ್ತಿತ್ತು ಕಣವ್ವ. ಅಷ್ಟುದ್ದ ಓದ್ದೆ, ಒಂದ್ ಪುಟಾನೂ ತಿರುವ್ಲಿಲ್ಲ ನೀನು."

"ಗೊತ್ತಿದ್ದೂ ಹೋದ್ರಾ?"

"ಓಗ್ದೆ? ಬರ್ದೋನು ಯಾವನೋ ಏನೋ. ನೀನು ನನ್ ಸಂಕ್ಟ ನೋಡ್ಕಂಡು ಏಳ್ದೋಳು."

ಕಾರಣ ಹೇಳುತ್ತೇನೆ ಎಂದಿದ್ದೆನಲ್ಲ. ನನ್ನ ಮಗಳೂ ಒಬ್ಬನ ಹೆಸರು ಹೇಳಿದ್ದಾಳೆ. ನಾನೂ ಅರ್ಧ ಮಂತ್ರ ಹೇಳಿಬಿಟ್ಟಿದ್ದೆ: "ಅವನ ಜೊತೆ ಹೋದರೆ, ನನ್ನ ಪಾಲಿಗೆ ನೀನು..." ಅಷ್ಟರಲ್ಲಿ ಅವಳು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು.

"ಎಷ್ಟು ಮೊಳ ಕೊಡ್ಲಿ ಮೇಡಂ?" ಹೂವಿನಾಕೆ ಎರಡನೆಯ ಸಲ ಕೇಳುತ್ತಿದ್ದಳು. ದೇವರಿಗೆ ಒಂದು ಮೊಳ ಸಾಕೆಂದು ಬಂದಿದ್ದವಳು ಎರಡು ಎಂದೆ. ನನ್ನ ಮಗಳು ಹೂ ಮುಡಿಯುವುದಿಲ್ಲ, ಗೊತ್ತು. ಆದರೆ ಬರಿಗೈಯಲ್ಲಿ ಹೋಗಿ ಆ ಬಾಗಿಲು ತಟ್ಟುವುದಕ್ಕೆ ನನಗೆ ಬರುವುದಿಲ್ಲ.